ಏಳನೇ ನಂಬರಿನ ಪಾದ

"ನನ್ನ ಪಾದಕ್ಕೆ ಬುದ್ಧಿ ಹೇಳೋ ಡಾಕ್ಟರು ಈ ಭೂಮಿ ಮೇಲೆ ಇನ್ನೂ ಹುಟ್ಟಿಲ್ಲ!"

ಹೀಗೆಂದು ಘೋಷಿಸಿದವರು ಕಣ್ಣಳತೆ ಮಾಸ್ಟರು. ಘೋಷಣೆಯ ವೇದಿಕೆ ಸ್ವಂತ ಮನೆಯ ಬಚ್ಚಲು. ಬಲಗಾಲು ಬಿಸಿನೀರಿನ ಬಕೆಟ್ಟಿನಲ್ಲಿತ್ತು.

ಇಪ್ಪತ್ತೆರಡು ವರ್ಷಗಳಿಂದ ಚಪ್ಪಲಿ ಅಂಗಡಿಯಲ್ಲಿ ಮಾರಾಟದ ಕೆಲಸ ಅವರದು. ಗಿರಾಕಿ ಬಾಗಿಲು ದಾಟುವಷ್ಟರಲ್ಲಿ "ಆರು! ಅಗಲ ಸ್ವಲ್ಪ ಜಾಸ್ತಿ!" ಎಂದು ತೀರ್ಪು ಹೊರಬಿದ್ದಿರುತ್ತದೆ. ಪಾದ ಅಳೆಯುವ ಪಟ್ಟಿಯೊಂದು ಅಂಗಡಿಯಲ್ಲಿದೆ, ಮಾಸ್ಟರು ಅದರಿಂದ ಬೆನ್ನು ತುರಿಸಿಕೊಳ್ಳುತ್ತಾರೆ. ಶೂ ಒಳಗೆ ಅಚ್ಚಾಗಿರುವ ನಂಬರನ್ನು ಓದುವುದೂ ಅವರಿಗೆ ಅವಮಾನ. ಕಣ್ಣಿಲ್ಲದವರು ಓದಿಕೊಳ್ಳಲಿ!

"ರೀ, ಹುಟ್ಟದಿರೋ ಡಾಕ್ಟರ ವಿಷಯ ಆಮೇಲೆ ಮಾತಾಡೋಣ," ಹೆಂಡತಿ ಬಾಗಿಲಾಚೆಯಿಂದ ಕೂಗಿದಳು. "ಹುಟ್ಟಿರೋ ಡಾಕ್ಟರ ಹತ್ರ ಸೋಮವಾರ ಹನ್ನೊಂದು ಗಂಟೆಗೆ ಹೋಗ್ಬೇಕು. ಚೀಟಿ ತರದಿದ್ರೆ ಗೋದಾಮೇ ಗತಿ, ನೆನಪಿರಲಿ!"

ವಿಷಯ ಇಷ್ಟೇ. ಮಾಸ್ಟರು ಕುಂಟುತ್ತಿದ್ದರು. ಮೊದಮೊದಲು ಸಂಜೆ ಮಾತ್ರ, ಈಗ ಬೆಳಗಿನಿಂದಲೇ. ಅಂಗಡಿಯ ಯಜಮಾನರು ನೋಡುವಷ್ಟು ನೋಡಿ ಕರೆದು ಹೇಳಿದ್ದರು: "ಶೂ ಮಾರೋನೇ ಕುಂಟಿದ್ರೆ ಗಿರಾಕಿ ಏನ್ರೀ ತಿಳ್ಕೊಳ್ತಾರೆ? ನಿಂತು ಕೆಲಸ ಮಾಡಬಹುದು ಅಂತ ಪಾದದ ಡಾಕ್ಟರ ಹತ್ರ ಬರೆಸ್ಕೊಂಡು ಬನ್ನಿ. ಇಲ್ಲಾಂದ್ರೆ ಗೋದಾಮಿನಲ್ಲಿ ಕೂತು ಡಬ್ಬಗಳಿಗೆ ಲೇಬಲ್ ಅಂಟಿಸಿ."

ಒಂದು ಪಾದವೂ ಕಾಲಿಡದ ಗೋದಾಮು! ಅಂಗಡಿಯ ಆ ನಾಲ್ಕು ಮಾರು ನೆಲದ ಮೇಲೆ ಅವರು ರಾಜ. ಅಲ್ಲಿಂದ ಇಳಿಸಿದರೆ ತಾವು ಬರೀ ಒಬ್ಬ ಮನುಷ್ಯ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅಷ್ಟರಲ್ಲಿ ಕ್ಲಿನಿಕ್ಕಿನಿಂದ ಫೋನು ಬಂತು. ದಿನಾ ಹಾಕಿಕೊಳ್ಳುವ ಹಳೆಯ ಶೂ ತನ್ನಿ, ಅಟ್ಟೆ ಸವೆದಿರುವ ರೀತಿಯಲ್ಲೇ ನಡಿಗೆ ತಿಳಿಯುತ್ತದೆ ಎಂದರು.

ಅಟ್ಟೆ ಓದಿ ಭವಿಷ್ಯ ಹೇಳುತ್ತಾರಂತೆ, ಅದೂ ಯಾರಿಗೆ? ಮಾಸ್ಟರು ಮೀಸೆ ತಿರುವಿದರು. ಭಾನುವಾರ, ಹಿಂದಿನ ಸಂಜೆಯಷ್ಟೇ ಅಂಗಡಿಯಿಂದ ತಂದ ಹೊಚ್ಚಹೊಸ ಏಳನೇ ನಂಬರಿನ ಜೋಡಿಯೊಂದನ್ನು ಮುಂದಿಟ್ಟುಕೊಂಡು, ಸ್ಯಾಂಡ್ ಪೇಪರ್ ಹಿಡಿದು ಬಾಲ್ಕನಿಯಲ್ಲಿ ಕುಳಿತೇಬಿಟ್ಟರು.

"ಅಯ್ಯೋ, ಹೊಸ ಶೂನ ಯಾಕ್ರೀ ಉಜ್ಜಿ ಹಾಳು ಮಾಡ್ತಿದ್ದೀರಿ?"

"ಹಾಳಲ್ಲ ಕಣೇ, ಕಲೆ! ಸರಿಯಾಗಿ ನಡೆಯೋನ ಹೆಜ್ಜೆ ಕೆತ್ತುತ್ತಾ ಇದ್ದೀನಿ!"

ಹಿಮ್ಮಡಿಯ ಹೊರ ಅಂಚು ಸ್ವಲ್ಪ, ಮುಂಗಾಲಿನ ನಡುಭಾಗ ಸ್ವಲ್ಪ. ಕೊನೆಗೆ ತಣ್ಣಗಾದ ಚಹಾ ಬಳಿದಾಗ ಶೂಗೆ ಐದು ವರ್ಷ ವಯಸ್ಸಾಯಿತು.

ಸೋಮವಾರ ಡಾಕ್ಟರಮ್ಮ ಆ ಅಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದರು. ಆಕೆಗೆ ಮಾಸ್ಟರ ಮಗಳ ವಯಸ್ಸಿರಬಹುದು.

"ಭೇಷ್! ಪುಸ್ತಕದಲ್ಲಿ ಇರೋ ಹಾಗೇ ಸವೆದಿದೆ."

ಮಾಸ್ಟರು ಹೆಂಡತಿಯ ಕಡೆಗೊಮ್ಮೆ ಹುಬ್ಬು ಹಾರಿಸಿದರು. ಡಾಕ್ಟರಮ್ಮ ಶೂ ಒಳಗೆ ಕೈ ಹಾಕಿ ತಡವಿದರು.

"ಆದ್ರೆ ಸರ್, ಹೊರಗಡೆ ಐದು ವರ್ಷ ನಡೆದಿರೋ ಶೂ ಒಳಗಡೆ ಒಂದು ಬೆರಳಿನ ಗುರುತೂ ಇಲ್ವಲ್ಲ?"

"ನಾನು ಬಹಳ ಹಗುರವಾಗಿ ಹೆಜ್ಜೆ ಇಡ್ತೀನಿ ಡಾಕ್ಟ್ರಮ್ಮ!"

"ಹಾಗಾದ್ರೆ ಹಾಕ್ಕೊಂಡು ನಾಲ್ಕು ಹೆಜ್ಜೆ ತೋರಿಸಿ."

ಪಾದ ಒಳಗೆ ಹೋಗಲಿಲ್ಲ! ಮಾಸ್ಟರು ತಳ್ಳಿದರು, ತಿರುಚಿದರು, ಹಲ್ಲು ಕಚ್ಚಿದರು. "ಬಿಸಿಲಿಗೆ ಊದಿಕೊಂಡಿದೆ!" ಎಂದರು. ಹೆಂಡತಿ ಹಿಮ್ಮಡಿ ಹಿಡಿದು ಒಂದು ಸಲ ಬಲವಾಗಿ ನೂಕಿದಳು. ಅವರು ಕೂತಿದ್ದ ಸ್ಟೂಲಿಗೆ ಚಕ್ರಗಳಿದ್ದವು. ಸವಾರಿ ಸೀದಾ ಮೂಲೆಗೆ ಸಾಗಿ, ಮೇಜಿನ ಮೇಲಿದ್ದ ಪ್ಲಾಸ್ಟಿಕ್ ಪಾದದ ಮಾದರಿಗೆ ಡಿಕ್ಕಿ ಹೊಡೆಯಿತು. ಮೂಳೆಗಳು ಕೋಣೆಯ ತುಂಬ ಚೆಲ್ಲಾಪಿಲ್ಲಿ!

"ಒಂದು ಪಾದಕ್ಕೆ ಇಪ್ಪತ್ತಾರು ಮೂಳೆ ಸರ್," ಡಾಕ್ಟರಮ್ಮ ತಣ್ಣಗೆ ಹೇಳಿದರು. "ಎಣಿಸಿ ಆರಿಸಿಕೊಡಿ."

ಇಪ್ಪತ್ತಾರನೆಯದು ಬೀರುವಿನ ಅಡಿಯಲ್ಲಿ ಸಿಕ್ಕಿತು. ಆಮೇಲೆ ನಿಜವಾದ ಪರೀಕ್ಷೆ ಶುರುವಾಯಿತು. ಪಾದದ ಮೇಲೆ ಬೆರಳೂರಿ ನಾಡಿ ನೋಡಿದರು. ಕಣ್ಣು ಮುಚ್ಚಿಸಿ, ಸಣ್ಣ ನೈಲಾನ್ ಎಳೆಯಿಂದ ಅಲ್ಲಲ್ಲಿ ಮುಟ್ಟಿ "ಈಗ ಎಲ್ಲಿ?" ಎಂದು ಕೇಳಿದರು. ಕಣಕಾಲು ತಿರುಗಿಸಿದರು, ತುದಿಗಾಲಲ್ಲಿ ನಿಲ್ಲಿಸಿದರು. ಕೊನೆಗೆ ಬರಿಗಾಲಲ್ಲಿ ಬಿಳಿ ಹಾಳೆಯ ಮೇಲೆ ನಿಲ್ಲಿಸಿ ಪಾದದ ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು, ಮಾಸ್ಟರು ಹಾಕಿಕೊಂಡು ಬಂದಿದ್ದ ದಿನಬಳಕೆಯ ಶೂವನ್ನು ಆ ಚಿತ್ರದ ಮೇಲಿಟ್ಟರು. ಗೆರೆ ಸುತ್ತಲೂ ಹೊರಗೆ ಇಣುಕುತ್ತಿತ್ತು.

"ಸರ್, ನಿಮ್ಮ ಪಾದಕ್ಕೆ ಕಾಯಿಲೆ ಏನಿಲ್ಲ, ಜಾಗ ಇಲ್ಲ ಅಷ್ಟೇ. ಕಿರುಬೆರಳ ಮೇಲಿನ ಆಣಿ, ಹೆಬ್ಬೆರಳ ಬುಡದ ಗಂಟು, ಮಾಂಸಕ್ಕೆ ಚುಚ್ಚಿರೋ ಉಗುರು, ಎಲ್ಲಾ ಇಕ್ಕಟ್ಟಿನ ಫಲ. ಆಣಿ ಇವತ್ತೇ ಹೆರೆದು ತೆಗೀತೀನಿ. ಉಗುರನ್ನ ಇನ್ಮೇಲೆ ನೇರವಾಗಿ ಕತ್ತರಿಸಿ. ನಿಮ್ಮ ಅಳತೆ ಒಂಬತ್ತು. ಒಂಬತ್ತೇ ಹಾಕ್ತೀನಿ ಅಂದ್ರೆ ಈಗಲೇ ಚೀಟಿ ಬರೆದುಕೊಡ್ತೀನಿ."

"ಒಂಬತ್ತಾ!" ಮಾಸ್ಟರು ಎದ್ದು ನಿಂತರು. "ಗೋದಾಮಿಗೆ ಬೇಕಾದ್ರೆ ಹೋಗ್ತೀನಿ, ಒಂಬತ್ತಕ್ಕೆ ಹೋಗಲ್ಲ! ನಾನು ಏಳು! ಮದುವೆ ದಿನದಿಂದ ಏಳು! ಈ ಕಣ್ಣು ಯಾವತ್ತೂ ತಪ್ಪಿಲ್ಲ. ಸಾಕ್ಷಿ ಬೇಕಾ? ಇಲ್ಲೇ ಕೂತಿದ್ದಾಳೆ ನೋಡಿ. ಇವಳ ಚಪ್ಪಲಿ ಪ್ರತಿ ವರ್ಷ ಆರಿಸೋದು ನಾನೇ, ಬರೀ ಕಣ್ಣಳತೆಯಲ್ಲಿ. ಇವಳ ಪಾದ ನೋಡಿ, ಆಮೇಲೆ ಮಾತಾಡಿ!"

"ನನ್ನ ಪಾದ ಯಾಕ್ರೀ ಮಧ್ಯೆ?" ಹೆಂಡತಿ ಕಾಲನ್ನು ಕುರ್ಚಿಯಡಿಗೆ ಎಳೆದುಕೊಂಡಳು.

"ಬಿಚ್ಚು ಚಪ್ಪಲಿ! ಮಾನದ ಪ್ರಶ್ನೆ!"

ಡಾಕ್ಟರಮ್ಮ ಬಗ್ಗಿ ನೋಡಿದರು. ಬೆರಳುಗಳ ನಡುವೆ ನೋಡಿದರು, ಹಿಮ್ಮಡಿ ಒತ್ತಿದರು. "ಇಂಥ ಪಾದ ಈ ವರ್ಷದಲ್ಲಿ ಒಂದೂ ನೋಡಿರಲಿಲ್ಲ. ಆಣಿ ಇಲ್ಲ, ಗಂಟಿಲ್ಲ, ಬೆರಳೆಲ್ಲ ಆರಾಮಾಗಿ ಹರಡಿಕೊಂಡಿದೆ."

"ಈಗೇನಂತೀರಿ?" ಮಾಸ್ಟರು ಗೆದ್ದ ಪೈಲ್ವಾನನಂತೆ ಸೊಂಟಕ್ಕೆ ಕೈ ಕೊಟ್ಟರು. ಒಂಟಿ ಕಾಲಲ್ಲಿ, ಏಕೆಂದರೆ ಅಷ್ಟೆಲ್ಲ ಪರೀಕ್ಷೆಯ ನಂತರ ಬಲಗಾಲು ಊರಲಾಗುತ್ತಿರಲಿಲ್ಲ.

ಹೆಂಡತಿ ಆ ಕಾಲನ್ನೇ ನೋಡಿದಳು. ಇವರು ವಾದದಲ್ಲಿ ಗೆದ್ದು ಗೋದಾಮು ಸೇರುವುದು ಖಚಿತವೆಂದು ಅವಳಿಗೆ ಅನ್ನಿಸಿತು.

"ಡಾಕ್ಟ್ರೇ, ಇವರು ನನಗೆ ಆರಿಸೋದು ನಾಲ್ಕು. ನಾನು ಹಾಕೋದು ಆರು. ಇವರ ವಾರದ ರಜೆ ದಿನ, ಮಧ್ಯಾಹ್ನ ಮಲಗಿದಾಗ ಅಂಗಡಿಗೆ ಹೋಗಿ ಬದಲಾಯಿಸ್ಕೊಂಡು ಬರ್ತೀನಿ. ಯಜಮಾನರೇ ಬದಲಾಯಿಸಿ ಕೊಡ್ತಾರೆ. ‘ಪಾಪ, ಅವರಿಗೆ ಮಾತ್ರ ಹೇಳ್ಬೇಡಮ್ಮ’ ಅಂತಾರೆ."

ಮಾಸ್ಟರು ಮೆಲ್ಲಗೆ ಸ್ಟೂಲಿನ ಮೇಲೆ ಕೂತರು.

"ಚೀಟಿ ಬರೀಲಾ ಸರ್? ಒಂಬತ್ತು?"

"ಬರೀರಿ," ಎಂದರು ನೆಲ ನೋಡುತ್ತ. ಆದರೆ ಸೋಲೊಪ್ಪುವ ಜೀವವೇ ಅದು? ತಟ್ಟನೆ ತಲೆಯೆತ್ತಿ ಹೆಂಡತಿಯ ಮೇಲೆ ಹರಿಹಾಯ್ದರು. "ನಿಂದನ್ನ ಮಾತ್ರ ಬದಲಾಯಿಸ್ಕೊಂಡು ಬಂದ್ಯಲ್ಲ! ಕಟ್ಟಿಕೊಂಡ ಗಂಡ ಏಳರೊಳಗೆ ಸಾಯ್ತಾ ಇದ್ರೆ ಸುಮ್ಮನೆ ನೋಡ್ತಾ ಕೂತಿದ್ಯಾ?"

ಹೆಂಡತಿ ಅವರ ದಿನಬಳಕೆಯ ಶೂ ಎತ್ತಿ, ಒಳಗಿನ ನಂಬರನ್ನು ಅವರ ಮೂಗಿನ ಮುಂದೆ ಹಿಡಿದಳು.

"ನಿಮ್ಮದನ್ನೂ ಬದಲಾಯಿಸ್ತಾನೇ ಇದ್ದೆ ರೀ. ಇದು ಎಂಟು. ಒಂಬತ್ತೇ ತಂದುಬಿಟ್ರೆ ನಿಮ್ಮ ಕಣ್ಣಿಗೂ ಗೊತ್ತಾಗಿಬಿಡುತ್ತೇನೋ ಅಂತ ಹೆದರಿದೆ!"