ಕಲ್ಲುಗುಂಡಿನ ಹೊಲ ಮಾರಿದ್ದು, ಕೆಂಚಿ ಹರಾಜಿಗೆ ನಿಂತದ್ದು

ನಮ್ಮ ಮನೆಯವರು ಏನಾದರೂ ಮಾರಲಿಕ್ಕೆ ಹೊರಟರೆ ಅದು ಸರಳವಾಗಿ ಮಾರಿ ಹೋದದ್ದನ್ನ ನಾನು ಸೊಸೆಯಾಗಿ ಬಂದಾಗಿನಿಂದ ನೋಡಿಲ್ಲ. ಹಳೆಯ ಮಂಚ ಮಾರಿ ಬರ್ತೀನಿ ಅಂತ ಕಂಪ್ಲಿ ಸಂತೆಗೆ ಹೋದ ನಮ್ಮ ಯಜಮಾನರು, ಸಂಜೆ ಆ ಮಂಚದ ಮೇಲೆ ಇನ್ನೊಂದು ಹಳೆಯ ಮಂಚ ಹೇರಿಕೊಂಡು ಬಂದರು. "ಜೋಡಿ ಇದ್ರ ಜಲ್ದಿ ಹೋಗ್ತಾವಂತ," ಅಂದರು. ಎರಡೂ ಈಗಲೂ ನಮ್ಮ ಪಡಸಾಲೆಯಲ್ಲೇ ಇವೆ. ಒಂದರ ಮೇಲೆ ಅವರು ಮಲಗ್ತಾರೆ, ಇನ್ನೊಂದರ ಮೇಲೆ ಉಳ್ಳಾಗಡ್ಡಿ.

ಹಂಗಾಗಿ ಮಗ ಹೊಲ ಮಾರ್ತೀನಿ ಅಂದಾಗಲೇ ನನಗೆ ದಿಗಿಲು ಹತ್ತಿತ್ತು. ಹೊಲದ ಚಿಂತೆ ನನಗಿರಲಿಲ್ಲ. ಆದರೆ ಆ ಗದ್ದಲದಲ್ಲಿ ನನ್ನ ಕೆಂಚಿ ಕೈಬಿಟ್ಟು ಹೋಗುವ ಹಂಗಾಯ್ತು ನೋಡ್ರಿ, ಅದನ್ನ ಹೇಳಬೇಕು. ಕೆಂಚಿ ಅಂದ್ರೆ ನಮ್ಮ ಆಕಳ ಕರ. ಹುಟ್ಟಿದ ವಾರದಲ್ಲೇ ತಾಯಿ ಸತ್ತಿತ್ತು. ಬಾಟಲಿಯಲ್ಲಿ ಹಾಲು ಹಾಕಿ ಕುಡಿಸಿ ನಾನೇ ಬದುಕಿಸಿದ್ದು. ನಾನು ಹಿತ್ತಲಿಗೆ ಹೋದರೆ ಹಿಂದೆ, ಪಕ್ಕದ ಮನೆಗೆ ಮಾತಾಡಲಿಕ್ಕೆ ಹೋದರೆ ಅಲ್ಲೂ ಹಿಂದೆ. ನಾನು ಎದ್ದು ಬರುವ ತನಕ ಅವರ ಹೊಸ್ತಿಲಲ್ಲಿ ನಿಂತು ಅವರ ಮನೆಯ ಕಾಲೊರೆಸು ತಿನ್ನೋದು.

೧. ಗುಂಡು ಹತ್ತಿದವರು

ಹೊಲ ದೊಡ್ಡದೇನಲ್ಲ. ಊರ ಹೊರಗೆ ಹಂಪಿ ಕಡೆಯ ದಾರಿಗೆ ಒಂದು ತುಣುಕು. ಅದರ ಮೂಲೆಯಲ್ಲಿ ಮನೆಯಷ್ಟು ಎತ್ತರದ ಕಲ್ಲುಗುಂಡು. ನಮ್ಮ ಸೀಮೆಯಲ್ಲಿ ಯಾರ ಹೊಲದಲ್ಲಿ ಗುಂಡಿಲ್ಲ ಹೇಳ್ರಿ, ಆದರೆ ನಮ್ಮದು ಹೊಲಕ್ಕಿಂತ ದೊಡ್ಡದಿದ್ದ ಹಂಗೆ ಕಾಣ್ತಿತ್ತು. ಮಗನಿಗೆ ಹೊಸಪೇಟೆ ಮಾರ್ಕೆಟ್ಟಿಗೆ ಬಾಳೆಗೊನೆ ಒಯ್ಯಲಿಕ್ಕೆ ಒಂದು ಗಾಡಿ ಬೇಕಾಗಿತ್ತು. "ಈ ಕಲ್ಲು ಕಾಯ್ಕೊಂತ ಕುಂತ್ರ ಏನ್ ಬರ್ತೈತವ್ವಾ, ಮಾರೋಣು," ಅಂದ.

ಮೊದಲು ಬಂದವನು ಹಂಪಿಯಲ್ಲಿ ಲಾಡ್ಜ್ ನಡೆಸುವವನು. ಬಂದವನೇ ಹೊಲದ ಕಡೆ ನೋಡಲೇ ಇಲ್ಲ, ಸೀದಾ ಗುಂಡಿನ ಹತ್ತಿರ ಹೋದ. ಹೊರಗಿನ ಊರುಗಳಿಂದ ಬರುವ ಗಿರಾಕಿಗಳಿಗೆ ಮೇಲೆ ಕೂತು ಸೂರ್ಯ ಮುಳುಗೋದು ನೋಡುವ ಜಾಗ ಬೇಕಂತೆ. ಬೂಟು ಬಿಚ್ಚಿ ಹತ್ತೇ ಬಿಟ್ಟ.

"ಅಜ್ಜೀ, ಇಲ್ಲಿಂದ ಹೊಳಿ ಕಾಣಸ್ತೈತ್ರಿ. ಮಸ್ತ್ ಐತ್ರಿ ವ್ಯೂ," ಅಂತ ಮೇಲಿಂದ ಕೂಗಿದ.

ಮಸ್ತ್ ಇತ್ತು, ಆದರೆ ಹತ್ತುವಾಗ ಕೈಗೆ ಸಿಕ್ಕ ಸಂದುಗಳು ಇಳಿಯುವಾಗ ಕಾಲಿಗೆ ಸಿಗಲಿಲ್ಲ. ಆ ಕಡೆ ಸರಿದ, ಈ ಕಡೆ ಸರಿದ, ಕೊನೆಗೆ ಕುಂತುಬಿಟ್ಟ. "ಏಣಿ ಐತೇನ್ರಿ?"

"ಮನ್ಯಾಗೈತ್ರಿ, ನಮ್ಮವ್ವ ತರ್ತಾಳ. ಅಷ್ಟರಾಗ ರೇಟು ಒಂದು ಮಾತಾಡಿಬಿಡೋಣು," ಅಂದ ನನ್ನ ಮಗ.

ಮೇಲೆ ಕೂತವನು ಎಲ್ಲಾದಕ್ಕೂ ಹೂಂ ಅಂದನಂತೆ. ಮಗ ಹೇಳಿದ ರೇಟಿಗೂ ಹೂಂ, ರಿಜಿಸ್ಟರ್ ಖರ್ಚು ನಿಮ್ಮದೇ ಅಂದರೂ ಹೂಂ. ನಾನು ಪಾಪ ಬಿಸಿಲು ಅಂತ ಓಡೋಡಿ ಏಣಿ ಹೊರಿಸಿಕೊಂಡು ಬಂದೆ. ಅವನು ಇಳಿದ, ಬೂಟು ಹಾಕಿಕೊಂಡ, ಪ್ಯಾಂಟು ಝಾಡಿಸಿಕೊಂಡ.

"ವ್ಯೂ ಏನೋ ಚಲೋ ಐತ್ರಿ. ಆದ್ರ ದಿನಾ ಸಂಜಿಕೆ ನಮ್ಮ ಗಿರಾಕಿಗೋಳನ್ನ ಇಳಸೋರು ಯಾರು?" ಅಂತ ಗಾಡಿ ಹತ್ತಿ ಹೋದ.

ಮಗ ನನ್ನ ಮೇಲೆ ಎರಡು ದಿನ ಮುಖ ಗಂಟು ಹಾಕಿಕೊಂಡಿದ್ದ. "ಇನ್ನೊಂದು ತಾಸು ತಡದು ತಂದಿದ್ರ ಅಡ್ವಾನ್ಸೂ ಮ್ಯಾಲಿಂದ ಒಗೀತಿದ್ದನಲ್ಲವ್ವಾ."

೨. ದಿಕ್ಕು ನೋಡಿದವರು

ಆಮೇಲೆ ಸಂಡೂರಿಂದ ಒಬ್ಬ ಸಾಹುಕಾರ ಬಂದ. ಗಣಿಗೆ ಲಾರಿ ಬಿಟ್ಟು ಚೆನ್ನಾಗಿ ಮಾಡಿಕೊಂಡವನು, ತೋಟದ ಮನೆ ಕಟ್ಟಿಸಬೇಕು ಅಂತಿದ್ದ. ಜೊತೆಗೆ ವಾಸ್ತು ನೋಡುವವರನ್ನೂ ಕರಕೊಂಡು ಬಂದಿದ್ದ. ಅವರು ಫೋನು ಅಂಗೈಯಲ್ಲಿಟ್ಟುಕೊಂಡು ಹೊಲದ ತುಂಬ ತಿರುಗಿದರು.

"ಗುಂಡು ಈಶಾನ್ಯದಾಗೈತಿ. ಈಶಾನ್ಯ ಹಗರ ಇರಬೇಕು. ಭಾರ ನೈರುತ್ಯದಾಗಿರಬೇಕು," ಅಂದರು.

"ನಮ್ಮ ಮಷೀನು ತರಿಸಿ ಸರಸಿದ್ರಾತು," ಅಂದ ಸಾಹುಕಾರ.

ನಮ್ಮ ಯಜಮಾನರಿಗೆ ಗುಂಡಿನ ಮೇಲೆ ಅಭಿಮಾನ. ಅವರ ಅಪ್ಪ, ಅಜ್ಜ ಎಲ್ಲಾ ಅದರ ನೆರಳಿಗೇ ಬುತ್ತಿ ಉಂಡವರು. ಸುಮ್ಮನಿರಬೇಕೋ ಬ್ಯಾಡೋ? ಇವರು ಬಾಯಿ ಹಾಕಿದರು. "ಯಾಕ ಸರಸ್ತೀರಿ ಸಾಹುಕಾರ್ರ. ನೀವ ಗುಂಡಿನ ಆ ಕಡಿ ನಿಂತು ನೋಡ್ರಿ. ಅಲ್ಲಿಂದ ಅದು ನೈರುತ್ಯಕ್ಕೇ ಐತೆಲ್ಲಾ."

ವಾಸ್ತುದವರು ಆ ಕಡೆ ಹೋಗಿ ನಿಂತರು. ಫೋನು ತಿರುಗಿಸಿದರು. ಅವರ ಮುಖ ಅರಳಿತು. "ಖರೇನ ಯಜಮಾನ್ರ. ಇಲ್ಲಿಂದ ಭಾಳ ಶ್ರೇಷ್ಠ ಐತಿ."

ಗುಂಡಿನ ಆ ಕಡೆಯ ಹೊಲ ನಮ್ಮ ದಾಯಾದಿಯದು. ಸಾಹುಕಾರ ಅದೇ ವಾರ ಅವನ ಹೊಲ ಕೊಂಡ. ನೈರುತ್ಯದ ಭಾರಕ್ಕೆ ನಮ್ಮ ಗುಂಡು ಅವನಿಗೆ ಪುಕ್ಕಟೆ ಬಂತು. ದಾಯಾದಿ ಪೇಡೆ ಹಿಡಿದುಕೊಂಡು ಮನೆಗೆ ಬಂದು ಯಜಮಾನರ ಕಾಲಿಗೆ ಬಿದ್ದ. ಹನ್ನೆರಡು ವರ್ಷದಿಂದ ನಮ್ಮ ಕೂಡ ಮಾತು ಬಿಟ್ಟಿದ್ದವನು.

೩. ಮಲಗಿ ನೋಡಿದವರು

ಮೂರನೆಯವರು ರಿಟೈರಾದ ಬಸ್ ಡ್ರೈವರ್. ಇವರೂ ಸಂಡೂರಿನವರೇ. ಮಧ್ಯಾಹ್ನದ ರಣಬಿಸಿಲಲ್ಲಿ ಬಂದರು. ನೀರು ಎಷ್ಟು ಆಳಕ್ಕಿದೆ ಅಂತ ಕೇಳಲಿಲ್ಲ, ದಾರಿ ಯಾರದು ಅಂತ ಕೇಳಲಿಲ್ಲ. ಗುಂಡಿನ ನೆರಳಿಗೆ ಹೋಗಿ, ಹೆಗಲ ಮೇಲಿನ ಟವೆಲ್ ಹಾಸಿ, ಮಲಗಿಬಿಟ್ಟರು.

ನಾವು ಒಂದು ಗಳಿಗೆ ಕಾದೆವು. ಎರಡು ಗಳಿಗೆ ಕಾದೆವು. ಗೊರಕೆ ಕೇಳ್ತಿತ್ತು, ಆಮೇಲೆ ಅದೂ ನಿಂತಿತು. ಮಗ ಹೆದರಿದ. "ಅವ್ವಾ, ನೋಡು ಸ್ವಲ್ಪ. ವಯಸ್ಸಾದವ್ರು. ನಮ್ಮ ಹೊಲದಾಗ ಏನರ ಆದ್ರ ಮತ್ತ ಯಾರೂ ಕೊಳ್ಳಂಗಿಲ್ಲ."

ನಾನು ಹೋಗಿ ಮೂಗಿನ ಹತ್ತಿರ ಕೈ ಹಿಡಿದೆ. ಕಣ್ಣು ಮುಚ್ಚಿಕೊಂಡೇ ಅಂದರು, "ಇದೀನ್ರಿ ಅಕ್ಕಾರ. ಎಷ್ಟೋ ವರ್ಷದ ಮ್ಯಾಲೆ ಹಿಂದಿಂದ ಯಾರೂ ಸೀಟಿ ಊದದಂಥ ನಿದ್ದಿ ಬಂತು. ಇನ್ನೊಂಚೂರು ಬಿಡ್ರಿ."

ಎದ್ದ ಮೇಲೆ ತಗೋತೀನಿ ಅಂದರು. ನಮ್ಮ ಯಜಮಾನರಿಗೆ ಮತ್ತೆ ಧರ್ಮ ನೆನಪಾಯ್ತು. "ನೋಡ್ರಿ, ಮೊದಲ ಹೇಳಿಬಿಡ್ತೀನಿ, ಇದರಾಗ ಏನೂ ಬೆಳೆಯಂಗಿಲ್ಲ."

ಮಗ ಹಲ್ಲು ಕಡಿದ. ಡ್ರೈವರ್ ಟವೆಲ್ ಮಡಚಿದರು. "ಬೆಳೆದ್ರ ಮತ್ತ ಎದ್ದು ಕೊಯ್ಯಬೇಕಲ್ರಿ," ಅಂದರು.

೪. ಸೊಸೆಯ ಹರಕೆ

ರಿಜಿಸ್ಟರ್ ಮುಗಿಸಿಕೊಂಡು ಬಂದ ದಿನ ಸೊಸೆ ಹೋಳಿಗೆ ಮಾಡಿದಳು. ನನ್ನ ತಾಟಿಗೆ ತುಪ್ಪ ಸ್ವಲ್ಪ ಜಾಸ್ತಿಯೇ ಬಿತ್ತು. ಆಗಲೇ ನನಗೆ ಅನುಮಾನ.

"ಅತ್ತೀ, ಸಿಟ್ಟಾಗಬ್ಯಾಡ್ರಿ. ಹೊಲ ಮಾರಿ ಹೋದ್ರ ಹನುಮಪ್ಪಗ ಕರ ಬಿಡ್ತೀನಂತ ಹರಕಿ ಹೊತ್ತಿದ್ದೆ."

"ಯಾವ ಕರ?"

"ನಮ್ಮನ್ಯಾಗ ಇರೋದು ಒಂದ ಅಲ್ಲೇನ್ರಿ?"

"ಕೆಂಚೀನ? ಹರಕಿ ಹೊರೋದಿದ್ರ ನಿನ್ನ ಮೂಗುಬಟ್ಟು ಹೊರಬೇಕಿತ್ತಲ್ಲೇ."

"ಗಂಡು ದೇವ್ರು ಮೂಗುಬಟ್ಟು ತಗೊಂಡು ಏನ್ ಮಾಡ್ತಾನ್ರಿ?"

"ಆಕಳ ಕರ ತಗೊಂಡು ಏನ್ ಮಾಡ್ತಾನ? ಬ್ರಹ್ಮಚಾರಿ, ಹಿಂಡೋರು ಯಾರು ಅವನ ಮನ್ಯಾಗ?"

ಸೊಸೆ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಗ ಲಾಡ್ಜಿನವನು ಕೈಕೊಟ್ಟು ಹೋಗಿದ್ದ, ಗಂಡ ಊಟ ಬಿಟ್ಟಿದ್ದ, ಬಾಯಿಗೆ ಬಂದದ್ದು ಬೇಡಿಕೊಂಡೆ ಅಂದಳು. ದೇವರಿಗೆ ಕೊಟ್ಟ ಮಾತು. ಹಿತ್ತಲಿಗೆ ಹೋಗಿ ಕೆಂಚಿಗೆ ಹೇಳಿದೆ. ಅದು ನನ್ನ ಸೆರಗು ಅಗಿಯುತ್ತಾ ಕೇಳಿಸಿಕೊಂಡಿತು.

೫. ಗುಡಿಕಟ್ಟೆಯ ಸವಾಲು

ನಮ್ಮ ಊರಲ್ಲಿ ಹನುಮಪ್ಪನಿಗೆ ಬಿಟ್ಟ ಕಾಯಿ, ಬಾಳೆಗೊನೆ, ಕರ ಎಲ್ಲವನ್ನೂ ಶನಿವಾರ ಗುಡಿಕಟ್ಟೆಯ ಮೇಲೆ ಹರಾಜು ಹಾಕ್ತಾರೆ. ನಾವು ಸವಾಲು ಅಂತೀವಿ. ಅದಕ್ಕೊಂದು ಕಟ್ಟಳೆ ಇದೆ. ಬಿಟ್ಟ ಮನೆಯವರು ಸವಾಲು ಕೂಗೋ ಹಂಗಿಲ್ಲ. ಕೊಟ್ಟು ಕಸಿದುಕೊಂಡ ಹಂಗಾಗ್ತದೆ ಅಂತ. ಬೇರೆಯವರು ಹಿಡಿದ ಮೇಲೆ ಅವರ ಹತ್ತಿರ ಕೊಂಡರೆ ಯಾರೂ ಕೇಳೋದಿಲ್ಲ.

ಹಂಗಾಗಿ ನಾನು ಗುಟ್ಟಾಗಿ ನಮ್ಮ ಓಣಿಯ ಟೈಲರನ ಹತ್ತಿರ ಹೋದೆ. "ತಮ್ಮಾ, ನೀನು ಕೂಗಿ ಹಿಡಿ, ಆಮ್ಯಾಲೆ ನಾನು ನಿನ್ನ ಕಡಿಂದ ತಗೋತೀನಿ. ಎಷ್ಟಾದ್ರೂ ಬಿಡಬ್ಯಾಡ. ನಮ್ಮ ಮನ್ಯಾಗ ಯಾರಿಗೂ ಹೇಳಬ್ಯಾಡ, ಬೈತಾರ."

ಶನಿವಾರ ಕಟ್ಟೆ ತುಂಬಿತ್ತು. ಗಂಡಸರು ಆ ಕಡೆ, ನಾವು ಹೆಂಗಸರು ಈ ಕಡೆ. ಕೆಂಚಿಗೆ ಹಣೆಗೆ ಕುಂಕುಮ, ಕೊರಳಿಗೆ ಚೆಂಡುಹೂವಿನ ಹಾರ. ಹಾರ ಅರ್ಧ ತಿಂದಾಗಿತ್ತು. ಕಂಪ್ಲಿಯಿಂದ ದನದ ವ್ಯಾಪಾರಿಯೊಬ್ಬ ಬಂದಿದ್ದ. ಅವನ ಕೈಗೆ ಹೋದ ಕರ ಯಾವ ಸಂತೆ ಸೇರ್ತದೋ ಯಾರಿಗೆ ಗೊತ್ತು.

ಪೂಜಾರಿ ಸವಾಲು ಶುರು ಮಾಡಿದರು. ವ್ಯಾಪಾರಿ ಕೂಗಿದ. ಟೈಲರ್ ಅದರ ಮೇಲೆ ಕೂಗಿದ. ಸರಿ ಅಂತ ನಾನು ಉಸಿರು ಬಿಡುವಷ್ಟರಲ್ಲಿ ಹಿಟ್ಟಿನ ಗಿರಣಿಯವನು ಅದರ ಮೇಲೆ ಕೂಗಿದ. ಅವನು ಮನೆಯಲ್ಲಿ ಒಂದು ಬೆಕ್ಕೂ ಸಾಕಿದವನಲ್ಲ. ಅವನ ಹಿಂದೆಯೇ ಎಮ್ಮಿಗನೂರಿಂದ ಬಂದಿದ್ದ ನಮ್ಮ ಸೊಸೆಯ ತಮ್ಮ ಕೂಗಿದ.

"ನಿನ್ನ ತಮ್ಮಗ ಕರ ಯಾಕ ಬೇಕಿತ್ತಲೇ?" ಅಂತ ಸೊಸೆಯನ್ನ ಕೇಳಿದೆ. ಅವಳು ಸೆರಗು ಸರಿಮಾಡಿಕೊಂಡಳು. ಆ ಕಡೆ ನಮ್ಮ ಯಜಮಾನರು ಕಿವಿ ಕೆರೆದುಕೊಳ್ತಿದ್ದರು. ಅವರು ಕಿವಿ ಕೆರೆದಾಗಲೆಲ್ಲ ಗಿರಣಿಯವನು ಕೂಗ್ತಿದ್ದ. ಸೊಸೆ ಸೆರಗು ಸರಿಮಾಡಿದಾಗಲೆಲ್ಲ ಅವಳ ತಮ್ಮ ಕೂಗ್ತಿದ್ದ. ನಾನು ತಲೆ ಆಡಿಸಿದಾಗ ಟೈಲರ್. ನನಗೆ ಆಗ ಇದೇನೂ ಹೊಳೆಯಲಿಲ್ಲ. ನಾಳೆಯಿಂದ ಜೋಳ ಬೇರೆ ಗಿರಣಿಗೆ ಅಂತ ಮನಸ್ಸಿನಲ್ಲೇ ತೀರ್ಮಾನ ಮಾಡಿಬಿಟ್ಟೆ.

ರೇಟು ಹಾಲು ಕರೆಯುವ ಆಕಳನ್ನ ದಾಟಿತು. ಜೋಡೆತ್ತಿನ ಕಡೆ ನಡೀತು. ಕಂಪ್ಲಿಯವನು ಯಾವಾಗಲೋ ಬಿಟ್ಟು, ಬೀಡಿ ಹಚ್ಚಿಕೊಂಡು ತಮಾಷೆ ನೋಡ್ತಿದ್ದ. ಮಗನ ಮುಖ ಬಿಳಿಚಿಕೊಂಡಿತ್ತು. ಪೂಜಾರಿ, "ಒಂದನೇ ಸಲ," ಅಂದರು. ಆಗ ಟೈಲರ್ ಧೈರ್ಯ ಸಾಲದೆ ಎದ್ದು, ಎಲ್ಲರ ನಡುವೆ ಹಾದು, ಸೀದಾ ನನ್ನ ಮುಂದೆ ಬಂದು ನಿಂತ.

"ಅಜ್ಜೀ, ಇನ್ನೂ ಕೂಗಲೇನ್ರಿ?"

ಗಿರಣಿಯವನು ಎದ್ದ. "ಲೇ ಟೈಲರ್, ನೀನೂ ಇವರ ಮನಿಗೇ ಕೂಗಾಕತ್ತೀಯೇನು? ನನಗ ಅಜ್ಜ ಹೇಳ್ಯಾನಲೇ."

"ನನಗ ನಮ್ಮಕ್ಕ ಹೇಳ್ಯಾಳ," ಅಂದ ಸೊಸೆಯ ತಮ್ಮ.

ಜನ ಬಿದ್ದು ಬಿದ್ದು ನಕ್ಕರು. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಹಿರಿಯರು ಮಾತ್ರ ನಗಲಿಲ್ಲ. ತಮ್ಮತಮ್ಮಲ್ಲೇ ಮಾತಾಡಿಕೊಂಡು ತೀರ್ಮಾನ ಹೇಳಿದರು. ಬಿಟ್ಟ ಮನೆಯವರೇ ಕೂಗಿಸಿದ್ದಾರೆ, ಮೂರೂ ಜನರ ಸವಾಲು ರದ್ದು. ಕಂಪ್ಲಿಯವನು ಕೂಗಿದ್ದೊಂದೇ ಖರೆ. ಕರ ಅವನದು.

ಆ ವ್ಯಾಪಾರಿ ಬೀಡಿ ಆರಿಸಿ ಎದ್ದು ಬಂದ. ಕೆಂಚಿಯ ಬಾಯಿ ತೆರೆದು ಹಲ್ಲು ನೋಡಿದ. ಬೆನ್ನ ಮೇಲೆ ಕೈಯಾಡಿಸಿ ಸುಳಿ ಹುಡುಕಿದ. ಬಾಲ ಎತ್ತಿ ನೋಡಿದ. ಎಲ್ಲಾ ಸರಿಯಿತ್ತು. ಸರಿಯಿದ್ದಷ್ಟೂ ಅವನ ಮುಖ ಸಣ್ಣದಾಯ್ತು.

"ಹಿರಿಯರ, ನಾನು ಸಂತ್ಯಾಗ ಕೂದಲು ಬೆಳ್ಳಗ ಮಾಡ್ಕೊಂಡಾವ," ಅಂದ. "ಮಾರೋ ಮನಿಯವ್ರು ತಮ್ಮ ಮಂದೀನ ನಿಲ್ಲಿಸಿ ರೇಟು ಏರಿಸ್ತಾರಂದ್ರ ದನದಾಗ ಐಬು ಇರ್ತೈತಿ. ಒಬ್ಬನ್ನ ನಿಲ್ಲಿಸಿದ್ರ ಸಣ್ಣ ಐಬು. ಇವ್ರು ಮೂರು ಮಂದೀನ ನಿಲ್ಲಿಸ್ಯಾರ."

ನನ್ನ ಕಡೆ ತಿರುಗಿದ. "ಅಜ್ಜೀ, ದೇವ್ರ ಮುಂದ ಅದೀರಿ. ಖರೇ ಹೇಳ್ರಿ, ಏನೈತಿ ಇದಕ್ಕ?"

ಹನುಮಪ್ಪನ ಮುಂದೆ ಸುಳ್ಳು ಹೇಳಲಿಕ್ಕಾಗ್ತದೆಯೇ. "ಏನೂ ಇಲ್ಲಪ್ಪಾ. ಬಟ್ಟಿ ತಿಂತೈತಿ. ನಾನಲ್ದ ಬ್ಯಾರೆಯವ್ರು ಹಗ್ಗ ಹಿಡದ್ರ ಕುಂದ್ರತೈತಿ, ಏಳಂಗಿಲ್ಲ. ಮತ್ತ ಯಾವ ಐಬೂ ಇಲ್ಲ. ಬಂಗಾರದಂಥಾ ಕರ."

"ನೋಡಿದ್ರೇನ್ರಿ," ಅಂದ ಅವನು ಜನರ ಕಡೆ. "ಮಾರೋರು ಇಷ್ಟು ಒಪ್ಕೊಂಡಾರಂದ್ರ ಮುಚ್ಚಿಟ್ಟದ್ದು ಎಷ್ಟಿರಬೇಕು. ನನಗ ಬ್ಯಾಡ್ರಿ."

ಆದರೂ ಪೂಜಾರಿ ಅವನ ಕೈಗೆ ಹಗ್ಗ ಕೊಟ್ಟು, ನಡೆಸಿ ನೋಡು ಅಂದರು. ಅವನು ಹಗ್ಗ ಹಿಡಿದ. ಕೆಂಚಿ ಗುಡಿಯ ಮುಂದೆ ಗಟ್ಟಿಯಾಗಿ ಕುಂತಿತು. ಅವನು ಬಗ್ಗಿ ಎಬ್ಬಿಸುವಾಗ ಅವನ ಹೆಗಲ ಮೇಲಿನ ಟವೆಲ್ ಅರ್ಧ ಅದರ ಬಾಯೊಳಗೆ ಹೋಗಿತ್ತು. ಅವನು ಮಿಕ್ಕರ್ಧ ಬಿಟ್ಟು ಕಂಪ್ಲಿ ಆಟೋ ಹತ್ತಿದ.

ಪೂಜಾರಿ ಮತ್ತೆ ಮೊದಲಿಂದ ಕೂಗಿದರು. ಎಷ್ಟು ಇಳಿಸಿ ಕೂಗಿದರೂ ಒಬ್ಬನೂ ತುಟಿ ಪಿಟಕ್ಕನ್ನಲಿಲ್ಲ. ಕರಕ್ಕೆ ಏನೋ ದೊಡ್ಡ ಐಬು ಇದೆ ಅಂತ ಊರಿಗೆ ಊರೇ ನಂಬಿಬಿಟ್ಟಿತ್ತು. ಅಷ್ಟರಲ್ಲಿ ಟವೆಲ್ ಮುಗಿಸಿದ ಕೆಂಚಿ ಗುಡಿಯ ಪರದೆಯ ಕಡೆ ನೋಡಲಿಕ್ಕೆ ಹತ್ತಿತು.

ಹಿರಿಯರಿಗೆ ಕಟ್ಟಳೆ ಮುರಿಯುವ ಹಂಗಿಲ್ಲ, ಕರ ಗುಡಿಯಲ್ಲಿ ಇಟ್ಟುಕೊಳ್ಳುವ ಹಂಗೂ ಇಲ್ಲ. ಮತ್ತೆ ಗುಜುಗುಜು ಮಾತಾಡಿಕೊಂಡರು. ಕೊನೆಗೆ ಹಿರಿಯರೊಬ್ಬರು ಕೆಮ್ಮಿ ಹೇಳಿದರು, "ಕರ ದೇವ್ರದು. ಅದನ್ನ ಯಾರೂ ತಿರುಗಿ ಕೇಳಂಗಿಲ್ಲ. ಕೊಳ್ಳೋರು ಸಿಗೋ ತನಕ ಅಜ್ಜಿ ತಮ್ಮ ಹಿತ್ತಲದಾಗ ಕಟ್ಕೋಬೇಕು. ದೇವ್ರ ಕರ ಆಗಿದ್ದಕ್ಕ ಮೇವು, ಹಿಂಡಿ ಗುಡಿಯಿಂದ ಬರ್ತೈತಿ."

ನಾನು ಹಗ್ಗ ಹಿಡಿದೆ. ಕೆಂಚಿ ಎದ್ದು ನಿಂತಿತು.

ಮನೆಗೆ ಬರುವ ತನಕ ಯಾರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹಿಂದೆಯೇ ಗುಡಿಯ ಆಳು ಎರಡು ಹೊರೆ ಹಸಿಹುಲ್ಲು ತಂದು ಹಿತ್ತಲಿಗೆ ಹಾಕಿ ಹೋದ. ಸೊಸೆ ಹುಲ್ಲಿನ ಕಡೆ ನೋಡಿದಳು, ಮೂಲೆಯಲ್ಲಿ ಕಟ್ಟಿದ್ದ ನಮ್ಮ ಎಮ್ಮೆಯ ಕಡೆ ನೋಡಿದಳು, ಆಮೇಲೆ ಮೆಲ್ಲಗೆ ನನ್ನ ಕಿವಿಯ ಹತ್ತಿರ ಬಂದಳು.

"ಅತ್ತೀ, ಇನ್ನೊಂದು ಏನರ ಮಾರೋದಿದ್ರ ಹೇಳ್ರಿ. ಈ ಸಲ ಎಮ್ಮಿ ಹರಕಿ ಹೊರ್ತೀನಿ."