ತಲೆಯಿಲ್ಲದ ಮೋಡೆಮ್ ಬೇಡವೆಂದ ಮಾವ

ನಮ್ಮ ಸೋದರಮಾವ ಅತ್ತೆಯನ್ನು ನೋಡಿ ಒಪ್ಪಿದ್ದು ಹತ್ತೇ ನಿಮಿಷದಲ್ಲಿ. ಒಂದು ಮೋಡೆಮ್ ಒಪ್ಪುವುದಕ್ಕೆ ಐದು ತಿಂಗಳು ತೆಗೆದುಕೊಂಡರು!

ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲೇ ಬರುತ್ತಿದ್ದ ಕಾಲ. ಗಂಟಲಿನ ಆಪರೇಷನ್ ಆಗಿ ಅತ್ತೆಯ ಧ್ವನಿ ಹೋಗಿಬಿಟ್ಟಿತ್ತು. ಧಾರವಾಡದ ತಂಗಿಯ ಜೊತೆ ಫೋನಿನಲ್ಲಿ ಗಂಟೆಗಟ್ಟಲೆ ಹರಟುತ್ತಿದ್ದವರು ಈಗ ರಿಸೀವರ್ ಹಿಡಿದು ಬರೀ ಕೇಳಿಸಿಕೊಳ್ಳುತ್ತಿದ್ದರು. ತಂಗಿಯ ಆಫೀಸಿನಲ್ಲಿ ಈಮೇಲ್ ಇತ್ತು, ಕೆ.ಆರ್. ಪುರದ ಮಾವನ ಮನೆಯಲ್ಲಿ ಕಂಪ್ಯೂಟರ್ ಇತ್ತು. ನಡುವೆ ಕಂಪ್ಯೂಟರನ್ನು ಟೆಲಿಫೋನ್ ತಂತಿಗೆ ಜೋಡಿಸುವ ಒಂದು ಮೋಡೆಮ್ ತಂದಿಟ್ಟರೆ ಅಕ್ಕತಂಗಿಯರ ಮಾತು ಮತ್ತೆ ಶುರುವಾಗುತ್ತಿತ್ತು. ಅಷ್ಟೇ ತಾನೆ?

ಅಷ್ಟೇ ಎಲ್ಲಿ ಬಂತು! ಮಾವ ಟೆಲಿಫೋನ್ ಕಾರ್ಖಾನೆಯ ಇನ್‌ಸ್ಪೆಕ್ಷನ್ ವಿಭಾಗದಲ್ಲಿದ್ದು ರಿಟೈರಾದವರು, ಅಂದರೆ 'ಇದು ಬೇಡ' ಎನ್ನುವುದಕ್ಕೇ ಸಂಬಳ ತೆಗೆದುಕೊಂಡವರು. ಮೇಲಾಗಿ, ಕದ್ದ ಸಾಫ್ಟ್‌ವೇರ್ ಮನೆಗೆ ಬರಕೂಡದೆಂದು ಪತ್ರಿಕೆಯೊಂದರ ಜೊತೆ ಪುಕ್ಕಟೆ ಬಂದ ಸೀಡಿಯಿಂದ, ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡಿದ್ದರು. ಅಂಗಡಿಗಳಲ್ಲಿದ್ದ ಅಗ್ಗದ ಮೋಡೆಮ್‌ಗಳೋ, ವಿಂಡೋಸ್ ಬಿಟ್ಟು ಬೇರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ.

ಪ್ರತಿ ಶನಿವಾರ ನಮ್ಮ ಮೆರವಣಿಗೆ ಹೊರಡುತ್ತಿತ್ತು. ಬಸ್ಸಿನಲ್ಲಿ ಮಾವ ಮುಂದೆ, ಹಳೇ ಬೆಡ್‌ಶೀಟಿನಲ್ಲಿ ಸಿಪಿಯು ಗಂಟು ಕಟ್ಟಿಕೊಂಡು ಹೊತ್ತ ನಾನು ಹಿಂದೆ. ಹಾಕಿ ನೋಡದೆ ಕೊಳ್ಳುವ ಪ್ರಶ್ನೆಯೇ ಇಲ್ಲ. ಹಲಸೂರಿನ ಅಂಗಡಿಯವನು, "ಸಾರ್, ಲಿನಕ್ಸ್ ಅಂದ್ರೆ ಯಾವ ಕಂಪನೀದು?" ಎಂದು ಕೇಳಿ ಕೆಟ್ಟ. ಮಾವ ಸ್ಟೂಲ್ ಎಳೆದುಕೊಂಡು ಕೂತರು, ಅವನ ಅರ್ಧ ದಿನದ ವ್ಯಾಪಾರ ಮಣ್ಣುಪಾಲಾಯಿತು. ಆಮೇಲೆ ಅವನ ಮೋಡೆಮನ್ನು ಬೆಳಕಿಗೆ ಹಿಡಿದು ಚಿಪ್ ಎಣಿಸಿ, "ಇದಕ್ಕೆ ತಲೆ ಇಲ್ಲ. ಇದರ ಕೆಲಸಾನೂ ಕಂಪ್ಯೂಟರೇ ಮಾಡ್ಬೇಕು" ಎಂದು ವಾಪಸ್ ಕೊಟ್ಟರು.

ಮನೆಗೆ ಬಂದು ಅದನ್ನೇ ಹೇಳಿದರೆ, ಅತ್ತೆ ಕ್ಯಾಲೆಂಡರ್ ಹಾಳೆಯ ಹಿಂದೆ ಬರೆದು ತೋರಿಸಿದರು: "ನಿಮ್ಮ ಕೆಲಸ ನಾನು ಮಾಡ್ತಿಲ್ವಾ? ತಂದ್ಬಿಡಿ."

ಐದನೆಯ ತಿಂಗಳು ನನ್ನ ತಾಳ್ಮೆ ಕೆಟ್ಟಿತು. "ಮಾವ, ನಿಮ್ಮ ಹಟಕ್ಕೆ ಅತ್ತೆ ಇನ್ನೂ ಎಷ್ಟು ದಿನ ಸುಮ್ನಿರ್ಬೇಕು?" ಎಂದು ನಡುಬೀದಿಯಲ್ಲೇ ಕೇಳಿಬಿಟ್ಟೆ. ಅವರು ಮುಂದಿನ ಅಂಗಡಿಯ ಕಡೆ ಹೆಜ್ಜೆ ಹಾಕಿದರು.

ಅದೇ ದಿನ ಶಿವಾಜಿನಗರದ ಅಂಗಡಿಯೊಂದರಲ್ಲಿ, "ಅಂಕಲ್, ಕಂಪ್ಯೂಟರಿನ ಹೊರಗೆ ಇಡೋ ಮೋಡೆಮ್ ಒಂದಿದೆ. ದೊಡ್ಡ ಡಬ್ಬ, ಯಾರೂ ತಗೊಳ್ಳಲ್ಲ" ಎಂದು ಧೂಳು ಕೊಡವಿ ಕೊಟ್ಟರು. ಲಿನಕ್ಸ್ ಒಪ್ಪಿತು. ಮಾವನೂ ಒಪ್ಪಿದರು.

ಮನೆಯಲ್ಲಿ ಅತ್ತೆ ಒಂದು ಗುಂಡಿ ಒತ್ತಿದ್ದೇ ತಡ, ಡಬ್ಬ ಫೋನ್ ತಂತಿಯಲ್ಲಿ ಇಂಟರ್ನೆಟ್ಟಿಗೆ ಕರೆ ಹಚ್ಚುತ್ತಾ ಕೀರಲು ದನಿಯಲ್ಲಿ ಕಿರುಚತೊಡಗಿತು. ಕಿವಿ ಮುಚ್ಚಿಕೊಂಡು ಹೇಳಿದೆ, "ಮಾವ, ಒಂದು ಕಮಾಂಡ್ ಕೊಟ್ರೆ ಈ ಗಲಾಟೆ ನಿಲ್ಲುತ್ತೆ. ಹಾಕ್ಬಿಡ್ಲಾ?"

"ಬೇಡ ಕಣೋ, ಇರ್ಲಿ ಬಿಡು. ನಾನು ಹಿತ್ತಲಲ್ಲಿದ್ರೂ, ಇವಳು ತಂಗಿ ಹತ್ರ ಮಾತಾಡ್ತಿದಾಳೆ ಅಂತ ನನಗೆ ಕೇಳಿಸ್ಬೇಕು."

ಬೀದಿಯಲ್ಲಿ ಆಡಿದ ಮಾತಿಗೆ ನನಗೆ ನಾಚಿಕೆಯಾಯಿತು. ಕಿವಿಯಿಂದ ಕೈ ತೆಗೆದೆ. ಆ ಕಿರುಚಾಟ ನಿಲ್ಲುವವರೆಗೂ ಇಬ್ಬರೂ ಅಲ್ಲೇ ನಿಂತು ಕೇಳಿದೆವು.