ಹಾಲೇಶಪ್ಪನ ಮಹಡಿಯ ಗಾಳಿ

ಗಣಿ ಧಣಿಗಳ ಬಂಗಲೆಗಳಲ್ಲಿ ಆರ್ಕಿಡ್ ಹೂವು ಇರುತ್ತದೆಂದು ಯಾರೋ ಹೇಳಿದ್ದೇ ತಡ, ಹಾಲೇಶಪ್ಪ ಬೆಂಗಳೂರಿನಿಂದ ಎರಡು ಕುಂಡ ತರಿಸಿಬಿಟ್ಟ. ಅದಿರಿನ ಹಿಂದೆ ಬಂದ ಜನರಿಂದ ಹೊಸಪೇಟೆ ತುಂಬಿ ತುಳುಕಿ, ದನದ ಕೊಟ್ಟಿಗೆಗೂ ಬಾಡಿಗೆದಾರರು ಸಿಗುತ್ತಿದ್ದ ಕಾಲ ಅದು. ಅಲ್ಲಿನ ಚಿತ್ತವಾಡ್ಗಿ ಬಡಾವಣೆಯಲ್ಲಿ ಇವನ ಮಹಡಿ ಮನೆಯೊಂದೇ ಖಾಲಿ. ಹಗಲೂ ರಾತ್ರಿ ಅದಿರು ಲಾರಿಗಳ ಗದ್ದಲವಿದ್ದರೆ ಯಾರು ತಾನೆ ನಿಂತಾರು, ಪಾಪ! ಅಂತೂ ಇಂದು ಸಂಜೆ ಗಣಿ ಎಂಜಿನಿಯರೊಬ್ಬರು ಮನೆ ನೋಡಲು ಬರುವವರಿದ್ದರು. ಇವರೂ ಒಲ್ಲೆನೆಂದರೆ ಮಹಡಿಗೆ ಪಾರಿವಾಳಗಳೇ ಗತಿ.

ಮನೆ ಚೆಂದ ಕಾಣಲೆಂದು ಕುಂಡಗಳನ್ನು ಮಹಡಿಯ ಕಿಟಕಿಯಲ್ಲಿಟ್ಟ. ಮಣ್ಣೇ ಇಲ್ಲ, ಬರೀ ತೊಗಟೆಯ ಚೂರು. ಬೂದು ಬೇರುಗಳು ಹೆಣದ ಬೆರಳಿನಂತೆ ಹೊರಗೆ ಚಾಚಿದ್ದವು. ಬಿಳಿ ಹೂವಿನ ನಡುವೆ ಪುಟ್ಟ ಕೆಂಪು ನಾಲಿಗೆ. ಇದೆಂಥ ಗಿಡವೆಂದು ಅಂಜಿ, ಹೂವಿನ ಅಂಗಡಿಯವನಿಗೆ ಫೋನು ಹಚ್ಚಿದ. ಲಾರಿ ಗದ್ದಲದಲ್ಲಿ ಮಾತೆಲ್ಲ ಕೂಗಾಟವೇ ಆಯಿತು.

“ಏನಂದ್ರಿ? ಗಾಳಿ ಬೇಕಾ? ಮ್ಯಾಲಿನ ಮನಿಯಾಗ ಗಾಳಿ ಭಾಳ ಐತ್ರಿ! ದಿನಾ ನೀರು ಬ್ಯಾಡ? ಗಾಳಿ ಇದ್ರ ಸಾಕಾ? ಆತ್ರಿ!”

ಎದುರು ಮನೆಯ ಎಲ್ಲಮ್ಮ ಜೋಳ ಹಸನು ಮಾಡುತ್ತಿದ್ದವಳು ಮೊರ ಬಿಟ್ಟು ಎದ್ದಳು. ಆ ಸೀಮೆಯಲ್ಲಿ ಗಾಳಿ ಬೀಸುವುದೂ ಹೌದು, ಹಿಡಿಯುವುದೂ ಹೌದು. ದೆವ್ವದ ಹೆಸರೆತ್ತಲು ಅಂಜುವವರು ಗಾಳಿ ಎಂದೇ ಅನ್ನುವುದು.

ಮಧ್ಯಾಹ್ನದೊಳಗೆ ಓಣಿಗೆ ಓಣಿಯೇ ಮಹಡಿ ಏರಿತ್ತು.

“ಮಣ್ಣಿಲ್ದ ಬದುಕೈತಿ ಅಂದ್ರ ಇದು ಗಿಡ ಏನಪ್ಪಾ?” ಎಂದಳು ಎಲ್ಲಮ್ಮ. “ಗಾಳಿ ಐತಿ ಅಂತ ನೀನೇ ಒದರಿದ್ಯಲ್ಲ!”

“ಯಕ್ಕಾ, ಅದು ಆ ಗಾಳಿ ಅಲ್ಲಬೇ!”

“ಮತ್ತ ಯಾವ ಗಾಳಿ? ಹೊರಗ ಒಂದು ಎಲಿ ಅಲುಗವಲ್ದು. ಇಲ್ಲಿ ನೋಡು!”

ಹೂವುಗಳು ಗಡಗಡ ನಡುಗುತ್ತಿದ್ದವು.

“ಲಾರಿ ಹೊಂಟೈತಿ, ನೆಲ ನಡುಗತೈತಿ,” ಎಂದ ಹಾಲೇಶಪ್ಪ. ಎಲ್ಲರೂ ಕಿಟಕಿಯಿಂದ ಬಗ್ಗಿ ನೋಡಿದರು. ರಸ್ತೆ ಖಾಲಿ ಇತ್ತು. ಅವನು ಕುಂಡಗಳಿಂದ ಎರಡು ಹೆಜ್ಜೆ ಹಿಂದೆ ಸರಿದ.

ಗಾಳಿ ಬಿಡಿಸುವ ಉಚ್ಚೆಂಗಪ್ಪನನ್ನು ಯಾರೋ ಕರೆತಂದರು. ಅವನು ಬೇವಿನ ಸೊಪ್ಪು ಬೀಸಿ, ಲೋಬಾನದ ಹೊಗೆಯೆಬ್ಬಿಸಿದ. ಎಲ್ಲರೂ ಕೆಮ್ಮಿ ಕಣ್ಣೊರೆಸಿಕೊಂಡು ನೋಡಿದರೆ, ಅಯ್ಯೋ ಶಿವನೇ! ಕಿಟಕಿಯತ್ತ ಮುಖ ಮಾಡಿದ್ದ ಹೂವುಗಳು ಈಗ ಹಾಲೇಶಪ್ಪನನ್ನೇ ನೋಡುತ್ತಿದ್ದವು. ಕುಂಡ ಮುಟ್ಟಿಲ್ಲವೆಂದು ಒಬ್ಬೊಬ್ಬರೂ ಆಣೆ ಮಾಡಿದರು.

“ನಿನ್ನ ಮ್ಯಾಲೆ ಮನಸು ಮಾಡೈತೋ ತಮ್ಮಾ,” ಎಂದ ಉಚ್ಚೆಂಗಪ್ಪ. “ಹೊತ್ತು ಮುಳುಗೋದ್ರೊಳಗ ಕಾಲುವಿಗೆ ಹಾಕಿ, ತಿರುಗಿ ನೋಡ್ದಂಗ ಬಂದುಬಿಡು.”

ಹಾಲೇಶಪ್ಪನಿಗೂ ಅಷ್ಟೇ ಬೇಕಾಗಿತ್ತು. ಕುಂಡಗಳನ್ನು ಚೀಲಕ್ಕೆ ತುಂಬಿ, ಮೈಗೆ ತಾಗದಂತೆ ದೂರ ಹಿಡಿದು ಮೆಟ್ಟಿಲಿಳಿದ. ಕೆಳಗೆ ಬಾಗಿಲಲ್ಲೇ ಎಂಜಿನಿಯರ್ ಸಾಹೇಬರು! ಮೈಸೂರು ಕಡೆಯವರು. ಮೊದಲೇ ಕೆಳಗಿಳಿದಿದ್ದ ಎಲ್ಲಮ್ಮನನ್ನು ಆಗಲೇ ವಿಚಾರಿಸುತ್ತಿದ್ದರು.

“ಮೇಲಿನ ಮನೇಲಿ ಗಾಳಿ ಹೇಗಿದೆಯಮ್ಮ?”

“ಅಯ್ಯ, ಭಾಳ ಐತ್ರಿ! ಬಾಗಿಲು ತೆಗೆದ್ರ ಮೈಮ್ಯಾಲೇ ಬರ್ತೈತಿ.”

“ರಾತ್ರಿ ಹೊತ್ತು?”

“ರಾತ್ರಿದಂತೂ ಕೇಳಬ್ಯಾಡ್ರಿ!”

ಇನ್ನು ಮುಗಿಯಿತೆಂದು ಹಾಲೇಶಪ್ಪ ಕಣ್ಣು ಮುಚ್ಚಿದ.

“ಭೇಷ್! ಇಂಥ ಮನೇನೇ ಹುಡುಕ್ತಿದ್ದೆ,” ಎಂದರು ಸಾಹೇಬರು. ಚೀಲದೊಳಗೆ ಇಣುಕಿ ಇನ್ನಷ್ಟು ಹಿಗ್ಗಿದರು. “ಓಹೋ, ನಿಮಗೂ ಆರ್ಕಿಡ್ ಹುಚ್ಚಾ? ಹಾಗಾದ್ರೆ ಮನೆ ನನಗೇ. ನಾನಂತೂ ಸಂಡೂರಿನ ಗಣೀಲೇ ಮಲಗೋದು. ಮನೆ ಬೇಕಾಗಿರೋದು ನನ್ನ ಆರ್ಕಿಡ್‌ಗಳಿಗೆ. ಗದ್ದಲ ಅವಕ್ಕೇನೂ ಮಾಡಲ್ಲ. ನೀವು ರಾತ್ರಿ ಅವುಗಳ ಜೊತೆ ಮೇಲೇ ಮಲಗಿಬಿಡಿ. ಒಂಟಿ ಬಿಟ್ರೆ ಯಾಕೋ ಬಾಡ್ತವೆ.”

ಹಾಲೇಶಪ್ಪ ಚೀಲವನ್ನು ಮೆಲ್ಲಗೆ ನೆಲಕ್ಕಿಳಿಸಿದ. ಸಾಹೇಬರು ಹಿಂದೆ ನಿಂತಿದ್ದ ಟೆಂಪೋದ ತಾಡಪತ್ರಿ ಸರಿಸಿದರು. ಸಂಜೆಯ ಮಬ್ಬಿನಲ್ಲಿ ಸಾಲು ಸಾಲು ಬಿಳಿ ಮುಖಗಳು. ಎಲೆ ಅಲುಗುವಷ್ಟೂ ಗಾಳಿಯಿರಲಿಲ್ಲ. ಆದರೂ ಅವೆಲ್ಲ ಒಮ್ಮೆಲೇ ಅವನತ್ತ ತಿರುಗಿದವು.